ಆರು ಬೆರಳು ಎತ್ತರ, ಅರ್ಧ ಅಕ್ಕಿಕಾಳು ವಾರೆ

ಬಳ್ಳಾರಿಯಿಂದ ಸಿರುಗುಪ್ಪದ ತನಕ, ಅಲ್ಲಿಂದ ಕುರುಗೋಡಿನ ಗುಡ್ಡದ ತನಕ, ಎತ್ತರ ಮಾಡಿಸಿದ ಜೀಪಿಗೆ ಹೊಸ ಸ್ಟೇರಿಂಗ್ ಸಾಮಾನು ಕೂಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ.

ಇದು ಸುಳ್ಳು. ಅವರು ಹುಟ್ಟಿ ಅರವತ್ತು ವರ್ಷದ ಮೇಲಾಯಿತು, ನನ್ನ ಅಂಗಡಿಯ ಪಕ್ಕದಲ್ಲೇ ಗ್ಯಾರೇಜು ಇಟ್ಟುಕೊಂಡಿದ್ದಾರೆ. ಊರೆಲ್ಲ ಅವರನ್ನು ಉಸ್ತಾದ್ ಅಂತದೆ. ನಾನು ಬರೀ ಸ್ಪೇರ್ ಪಾರ್ಟ್ಸ್ ಮಾರುವವನು. ಅಪ್ಪಿತಪ್ಪಿ ನನ್ನ ಕೈಗೆ ನಟ್ಟು ತಿರುವುವ ಪಾನಾ ಬಂತು ಅನ್ನಿ, ಉಸ್ತಾದ್ ಒಂದು ಮಾತೂ ಆಡದೆ ಬಂದು ತೆಗೆದುಕೊಂಡು ಹೋಗುತ್ತಾರೆ, ಕೂಸಿನ ಕೈಯಿಂದ ಬ್ಲೇಡು ತೆಗೆದ ಹಾಗೆ.

ಆದರೂ ನೀವು ಕುಂದ್ರಿ. ಸಿರುಗುಪ್ಪ ರಸ್ತೆಯ ಈ ಬೇವಿನ ಮರದ ನೆರಳು, ಈ ಚಾದ ಬಂಡಿ, ಆ ಕಡೆ ಗ್ಯಾರೇಜು, ಈ ಕಡೆ ನನ್ನ ಅಂಗಡಿ. ಬೇರೆ ಊರಿನಲ್ಲಿ ಗಾಡಿ ಕೆಟ್ಟರೆ ರಿಪೇರಿ ಆಗುತ್ತದೆ, ನಮ್ಮಲ್ಲಿ ಪ್ರಸಂಗ ಆಗುತ್ತದೆ. ವಾರಕ್ಕೊಂದು ತಪ್ಪಿದ್ದಲ್ಲ. ಈಗ ಹೇಳುವುದು ಒಂದೇ ಜೀಪಿನ ಕಥೆ. ಇದರಲ್ಲಿ ಮುಕ್ಕಾಲು ಪಾಲು ಕಣ್ಣಾರೆ ಕಂಡದ್ದು, ಉಳಿದ ಕಾಲು ಪಾಲು ಹೀಗೇ ಆಗಿರಬೇಕು ಅಂತ ನನಗೆ ಅನಿಸಿದ್ದು. ಯಾವುದು ಯಾವುದು ಅಂತ ಕೇಳಬೇಡಿ, ನನಗೂ ಈಗ ಗೊತ್ತಿಲ್ಲ.

ನಾಲ್ಕಕ್ಕೆ ಆರು

ದೇಶನೂರಿನಲ್ಲಿ ಭತ್ತ ಬೆಳೆಯುವ ಗೌಡರೊಬ್ಬರಿದ್ದಾರೆ. ಅವರ ತಂದೆಯ ಕಾಲದ ಒಂದು ಜೀಪು. ಗೌಡರು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲಿ. ಮದುವೆಯಾಗಿ ಕುರುಗೋಡಿನಿಂದ ಹೆಂಡತಿಯನ್ನು ಕರೆತಂದದ್ದೂ ಅದರಲ್ಲೇ. ಗದ್ದೆಯ ಕೆಸರು, ಕಾಲುವೆಯ ಏರಿ, ಎರೆಮಣ್ಣಿನ ದಾರಿ, ಎಲ್ಲೇ ಹೋದರೂ ಮನೆಗೆ ವಾಪಸು ಬಂದ ಗಾಡಿ ಅದು.

ಹಚ್ಚೊಳ್ಳಿಯಲ್ಲಿ ಗೌಡರ ಬೀಗರು. ಅವರ ಹತ್ತಿರವೂ ಒಂದು ಜೀಪು. ಒಂದು ಮಳೆಗಾಲದ ಹಿಂದೆ ಬೀಗರು ತಮ್ಮ ಜೀಪನ್ನು ನಾಲ್ಕು ಬೆರಳು ಎತ್ತರ ಮಾಡಿಸಿಕೊಂಡರು, ಕೆಸರಿನಲ್ಲಿ ಹೊಟ್ಟೆ ತಾಗಬಾರದು ಅಂತ. ಗೌಡರು ಒಂದು ದಿನ ಅಲ್ಲಿಗೆ ಉಣ್ಣಲು ಹೋದವರು ಊಟಕ್ಕೆ ಮುಂಚೆ ಬೀಗರ ಜೀಪಿನ ಪಕ್ಕ ನಿಂತು ಕೈ ಹಚ್ಚಿ ಅಳೆದರಂತೆ. ಊಟ ಸರಿಯಾಗಿ ಇಳಿಯಲಿಲ್ಲವಂತೆ.

ಮರುವಾರವೇ ಒಬ್ಬ ವೆಲ್ಡರ್ ಹತ್ತಿರ ಹೋಗಿ ಆರು ಬೆರಳು ಎತ್ತರಿಸಲು ಹೇಳಿದರು. ಯಾವ ಊರಿನ ವೆಲ್ಡರ್ ಅಂತ ಹೇಳುವುದಿಲ್ಲ, ಅವನು ನನ್ನ ಗಿರಾಕಿ. ಅವನು ಕಮಾನು ಪಟ್ಟಿಗಳ ಮೇಲೆ ಇನ್ನೆರಡು ಪಟ್ಟಿ ಏರಿಸಿ, ಟ್ರಾಕ್ಟರಿಗೆ ತಮ್ಮನಂತೆ ಕಾಣುವ ಟೈರು ಹಾಕಿ ಕೊಟ್ಟ. ಸ್ಟೇರಿಂಗ್ ಕಡೆ ತಿರುಗಿಯೂ ನೋಡಲಿಲ್ಲ. ಎತ್ತರಿಸು ಅಂದಿದ್ದರು, ಎತ್ತರಿಸಿದ.

ಎತ್ತರ ಎಷ್ಟಾಯಿತು ಅಂದರೆ ಗೌಡರ ಹೆಂಡತಿಗೆ ಹತ್ತಲು ಆಗಲಿಲ್ಲ. ಅವರನ್ನು ನಾನು ಅಕ್ಕಾರು ಅಂತ ಕರೆಯುತ್ತೇನೆ, ಇಲ್ಲಿಯೂ ಹಾಗೇ ಹೇಳುತ್ತೇನೆ. ಅಕ್ಕಾರು ಮನೆಯಿಂದ ಒಂದು ಪ್ಲಾಸ್ಟಿಕ್ ಸ್ಟೂಲು ತಂದರು. ಹತ್ತಿದರು. ಸ್ಟೂಲು ಕೆಳಗೇ ಉಳಿಯಿತು. ಅದನ್ನು ಎತ್ತಿಕೊಡಲು ಗೌಡರು ಇಳಿದರು. ಸ್ಟೂಲು ಕೊಟ್ಟು ತಾವು ಹತ್ತಲು ನೋಡಿದರೆ ಅವರಿಗೂ ಸ್ಟೂಲು ಬೇಕು. ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನದಿಂದ ಅಕ್ಕಾರು ಸ್ಟೂಲಿನ ಕಾಲಿಗೆ ಹಗ್ಗ ಕಟ್ಟಿದರು. ತಾವು ಹತ್ತಿ ಕೂತು, ದೇಶನೂರಿನ ಮಂದಿಯೆಲ್ಲ ನೋಡುತ್ತಿರುವಾಗ, ಬಾವಿಯಿಂದ ಕೊಡ ಸೇದಿದ ಹಾಗೆ ಸ್ಟೂಲನ್ನು ಮೇಲಕ್ಕೆ ಸೇದಿಕೊಳ್ಳುತ್ತಿದ್ದರು.

ಮೊಸರಿನ ಕ್ಯಾನು

ಎತ್ತರವಾದ ಮೇಲೆ ಜೀಪಿಗೆ ಎರಡು ರೋಗ ಬಂದವು.

ಒಂದು, ಉಬ್ಬು ಹತ್ತಿದ ಕೂಡಲೇ ಎಡಕ್ಕೆ ಹಾರುವುದು. ಗೌಡರು ಸ್ಟೇರಿಂಗ್ ನೆಟ್ಟಗೆ ಹಿಡಿದಿದ್ದರೂ ಅದು ತನ್ನಷ್ಟಕ್ಕೆ ಎಡಕ್ಕೆ ಮುಖ ತಿರುಗಿಸುತ್ತಿತ್ತು. ಕುರುಗೋಡಿನಲ್ಲಿ ಅಕ್ಕಾರ ತವರುಮನೆಯ ಮುಂದೆ ಒಂದು ಸಣ್ಣ ಸಿಡಿ ಇದೆ, ಅಂದರೆ ರಸ್ತೆಯ ಅಡಿಯ ನೀರಿನ ಮೋರಿಯ ಉಬ್ಬು. ತವರುಮನೆ ಎಡಕ್ಕೆ. ಆ ಉಬ್ಬಿಗೆ ಬಂದ ಕೂಡಲೇ ಜೀಪು ತಾನಾಗಿ ಎಡಕ್ಕೆ ಎಳೆಯುವುದು. ಅಕ್ಕಾರು ಅದನ್ನು ನೋಡಿ, ‘ಜೀಪಿಗೂ ತಿಳಿತೈತಿ ನಮ್ಮ ಮನಿ ಎಲ್ಲೈತಿ ಅಂತ, ನಿಮಗ ಮಾತ್ರ ವರ್ಷಕ್ಕೊಮ್ಮಿ ನೆನಪಾಗತೈತಿ’ ಅಂದರಂತೆ. ಅದೇ ರಸ್ತೆಯ ಬಲಕ್ಕೆ, ತವರುಮನೆಯ ಎದುರಿಗೇ, ಒಂದು ಗುಜರಿ. ಮೊದಲು ಭತ್ತದ ಲಾರಿ ತೂಗುತ್ತಿದ್ದ ಹಳೆಯ ವೇಬ್ರಿಡ್ಜ್ ಅಲ್ಲಿದೆ. ಈಗ ಅದರ ಮೇಲೆ ಹಳೇ ಕಬ್ಬಿಣ ತೂಗುತ್ತಾರೆ. ಈ ಎಡ ಬಲ ಎರಡನ್ನೂ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಎರಡನೆಯ ರೋಗ ನಡುಕ. ಸ್ವಲ್ಪ ಜೋರು ಬಿಟ್ಟು ಒಂದು ಗುಂಡಿ ಹತ್ತಿಸಿದರೆ ಮುಂದಿನ ಎರಡೂ ಚಕ್ರ ಮೈಮೇಲೆ ಬಂದವರ ಹಾಗೆ ಅದುರಲು ಶುರು. ಗಾಡಿ ಪೂರ್ತಿ ನಿಲ್ಲುವ ತನಕ ಬಿಡುತ್ತಿರಲಿಲ್ಲ. ಒಂದು ದಿನ ಅಕ್ಕಾರು ತವರಿಗೆ ಅಂತ ಸ್ಟೀಲಿನ ಕ್ಯಾನಿನಲ್ಲಿ ಮೊಸರು ಹೆಪ್ಪು ಹಾಕಿಕೊಂಡು ತೊಡೆಯ ಮೇಲಿಟ್ಟುಕೊಂಡು ಹೊರಟಿದ್ದರು. ಕಾಲುವೆಯ ಸಿಡಿ ದಾಟಿದ ಕೂಡಲೇ ನಡುಕ ಬಂತು. ಕುರುಗೋಡಿನಲ್ಲಿ ಮುಚ್ಚಳ ತೆಗೆದು ನೋಡಿದರೆ ಬೆಣ್ಣೆ ಬಂದಿತ್ತು. ಬೆಣ್ಣೆಯಲ್ಲ, ಬರೀ ನೊರೆ ಅಂತ ಗೌಡರು ಈಗಲೂ ವಾದಿಸುತ್ತಾರೆ. ನಾನು ಬೆಣ್ಣೆ ಅಂತಲೇ ಹೇಳುತ್ತೇನೆ. ಕಥೆ ಹೇಳುವವನು ನಾನು.

ಅಕ್ಕಾರು ಸಿಟ್ಟಾಗಲಿಲ್ಲ. ಅದೇ ಭಯದ ಮಾತು. ಮೈಮೇಲಿನ ಮೊಸರು ಒರೆಸಿಕೊಂಡು ರಸ್ತೆ ದಾಟಿ ಹೋಗಿ, ಗುಜರಿಯವನ ಹತ್ತಿರ ಮಾತಾಡಿಕೊಂಡು ಬಂದರು. ತಮ್ಮನ ಮಗನನ್ನು ಇನ್ನು ಎಂಟು ದಿನಕ್ಕೆ ತೊಟ್ಟಿಲಿಗೆ ಹಾಕುವುದಿತ್ತು. ಆ ದಿನ ಇದೇ ಜೀಪಿನಲ್ಲಿ, ಇದೇ ಕ್ಯಾನಿನಲ್ಲಿ ಮೊಸರು ಹಿಡಿದುಕೊಂಡು ಬರುತ್ತೇನೆ, ಮೊಸರು ಒಡೆದರೆ ಜೀಪು ಇಲ್ಲೇ ಗುಜರಿಗೆ ಬೀಳುತ್ತದೆ ಅಂತ ಗುಜರಿಯವನಿಗೆ ಮಾತು ಕೊಟ್ಟು ಬಂದಿದ್ದರು.

ಗೌಡರು ಹೆದರಿದರು. ಮಾತು ತೇಲಿಸಲು, ಈ ಸ್ಟೇರಿಂಗ್ ಹೆಂಗಸರ ಕೈಗೆ ನಿಲ್ಲುವಂಥದ್ದಲ್ಲ, ಅದಕ್ಕೆ ನಿನಗೆ ಹಾಗನಿಸುತ್ತದೆ ಅಂದರಂತೆ. ಅಕ್ಕಾರು ಲಂಗ ಹಾಕುವ ವಯಸ್ಸಿನಲ್ಲೇ ತಂದೆಯ ಟ್ರಾಕ್ಟರು ಹೊಡೆದವರು.

‘ನನ್ನ ಕೈಗೆ ಯಾವತ್ತರ ಕೊಟ್ಟು ನೋಡೀರೇನು?’ ಅಂತ ಕೇಳಿದರಂತೆ. ಕೇಳಿ, ಉತ್ತರಕ್ಕೂ ಕಾಯದೆ, ಸ್ಟೂಲು ಸೇದಿಕೊಂಡರಂತೆ.

ನಾಡಿ

ಮರುದಿನವೇ ಜೀಪು ನಮ್ಮ ಬೇವಿನ ಮರದ ಕೆಳಗೆ ಬಂದು ನಿಂತಿತು. ಗೌಡರು ಹೆಗಲ ಮೇಲಿನ ವಲ್ಲಿಯಿಂದ ಬಾನೆಟ್ಟಿನ ದೂಳು ಒರೆಸುತ್ತಾ ನಿಂತರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಅದು ನೋಡಿ ನಾನು ಆ ದಿನ ಅವರಿಗೆ ಏನೂ ತಮಾಷೆ ಮಾಡಲಿಲ್ಲ. ಮರುದಿನ ಮಾಡಿದೆ.

ಉಸ್ತಾದ್ ರೋಗ ಹುಡುಕುವ ರೀತಿಯನ್ನು ನೀವು ನೋಡಬೇಕು. ಎಂಜಿನ್ ಬಂದ್. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಎಡಕ್ಕೊಂದು ಚೂರು ಬಲಕ್ಕೊಂದು ಚೂರು ತೂಗುತ್ತಿರಬೇಕು. ಉಸ್ತಾದ್ ಗೋಣಿಚೀಲ ಹಾಸಿ ಕೆಳಗೆ ಮಲಗಿ, ಕಣ್ಣು ಮುಚ್ಚಿ, ಸ್ಟೇರಿಂಗಿನಿಂದ ಚಕ್ರದ ತನಕ ಇರುವ ಒಂದೊಂದು ಕೀಲಿನ ಮೇಲೂ ಎರಡು ಬೆರಳಿಟ್ಟು ಸುಮ್ಮನಿರುತ್ತಾರೆ. ಹಳೇ ಕಾಲದ ವೈದ್ಯರು ನಾಡಿ ಹಿಡಿದ ಹಾಗೆ. ಯಾವ ಕೀಲು ಸಡಿಲ, ಎಷ್ಟು ಸಡಿಲ, ಎಲ್ಲ ಬೆರಳಿಗೆ ತಿಳಿಯುತ್ತದೆ.

ತೂಗಲು ಕೂತವನು ನಾನು. ಎಷ್ಟು ಹೊತ್ತು ಅಂತ ತೂಗುವುದು? ಒಂದು ಕೈ ಬಿಟ್ಟು ಮಿರ್ಚಿ ಬಜ್ಜಿ ಕಚ್ಚಿದೆ.

ಕೆಳಗಿನಿಂದ ದನಿ ಬಂತು. ‘ಒಂದೇ ಕೈ.’

ಎರಡೂ ಕೈ ಹಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಎಡಗೈ ಬದಲು ಮೊಣಕಾಲು ಹಚ್ಚಿ ನೋಡಿದೆ.

‘ಲೇ, ಕಾಲು ತಗಿ.’

ಇದು ಹೇಗೆ ಅಂತ ನೋಡಿಯೇಬಿಡೋಣ ಅನಿಸಿ, ಉಸಿರು ಬಿಡದೆ ಇಳಿದು ಗೌಡರಿಗೆ ಸನ್ನೆ ಮಾಡಿ ನನ್ನ ಜಾಗದಲ್ಲಿ ಕೂರಿಸಿದೆ. ಅವರು ತೂಗತೊಡಗಿದರು. ಆಮೇಲೆ ಉಸ್ತಾದ್ ಹೇಳಿದರು: ‘ಈಗ ಗೌಡ್ರು ಕುಂತಾರ. ಇವರ ಕೈ ಬಲಕ್ಕ ಎಳಕೊಂಡೇ ಕುಂತೈತಿ. ಗಾಡಿ ಎಡಕ್ಕ ಹಾರತೈತಿ ಅಂತ ಆರು ತಿಂಗಳು ಬಲಕ್ಕ ಎಳದು ಎಳದು ರೂಢಿ ಆಗೈತಿ. ಗೌಡ್ರೇ, ಗಾಡಿ ನಾ ನೆಟ್ಟಗ ಮಾಡ್ತೀನಿ. ನಿಮ್ಮ ಕೈ ನನ್ನಿಂದ ಆಗಂಗಿಲ್ಲ.’

ಹೊರಗೆ ಬಂದು ಕೂತು, ಗೌಡರಿಗೆ ತಿಳಿಯುವ ಹಾಗೆ ತಮ್ಮ ತೋಳನ್ನೇ ಚಾಚಿ ತೋರಿಸಿದರು. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ರಾಡು ಮೊದಲು ಹೀಗೆ ಹೆಚ್ಚುಕಡಿಮೆ ಅಡ್ಡಕ್ಕಿತ್ತು. ನೀವು ಮೈ ಎತ್ತರಿಸಿದಿರಿ, ಚಕ್ರ ಕೆಳಗೇ ಉಳಿಯಿತು, ಈಗ ರಾಡು ಏಣಿ ಇಟ್ಟ ಹಾಗೆ ಇಳಿಜಾರು. ಚಕ್ರ ಉಬ್ಬು ಹತ್ತಿ ಮೇಲೆ ಬಂದಾಗಲೆಲ್ಲ ಆ ಏಣಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ನಡುಕಕ್ಕೆ ಕಾರಣ ಬೇರೆ: ಸಡಿಲಾದ ಕೀಲು, ದೊಡ್ಡ ಟೈರಿನ ಭಾರಕ್ಕೆ ಬಾಗಿದ ತೆಳ್ಳನೆಯ ರಾಡು, ಹಿಂದಕ್ಕೆ ವಾಲಬೇಕಾದ ಚಕ್ರದ ಗೂಟ ಮುಂದಕ್ಕೆ ವಾಲಿದ್ದು.

ಗೌಡರು ಅರ್ಧ ಕೇಳಿ ಅರ್ಧ ಬಿಟ್ಟು, ನಡುಕ ತಡೆಯುವ ಡ್ಯಾಂಪರ್ ಒಂದು ಸಿಗುತ್ತದಂತಲ್ಲ, ಬೀಗರು ಒಂದು ಹಾಕಿದ್ದಾರೆ, ನಮಗೆ ಎರಡು ಹಾಕಿಬಿಡಿ ಅಂದರು.

‘ಚಳಿಜ್ವರ ಬಂದವನಿಗೆ ಔಷಧ ಕೊಡೋದು ಬಿಟ್ಟು, ಎರಡೂ ಕಡಿ ಇಬ್ಬರು ಕುಂತು ಕೈ ಗಟ್ಟಿ ಹಿಡಕೊಂಡಂಗ ಆಗತೈತ್ರಿ’ ಅಂದರು ಉಸ್ತಾದ್. ‘ಮೊದಲು ಜ್ವರ ಬಿಡಲಿ. ಆಮ್ಯಾಲ ಒಂದು ಹಾಕ್ತೀನಿ.’

ಗೌಡರು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: ಬೀಗರ ಗಾಡಿಗೆ ಜ್ವರ ಬಿಟ್ಟೈತೋ ಇಲ್ಲೋ?

ನೂರೆಂಟು ಸುತ್ತು

ಉಸ್ತಾದ್ ಬರೆದುಕೊಟ್ಟ ಚೀಟಿಯ ಪ್ರಕಾರ ಸಾಮಾನೆಲ್ಲ ತರಿಸಿದೆ. ದಪ್ಪನೆಯ ಹೊಸ ರಾಡುಗಳು, ಕೆಳಕ್ಕೆ ಹೆಚ್ಚು ಬಾಗಿದ ಹೊಸ ಸ್ಟೇರಿಂಗ್ ಆರ್ಮು, ಕಮಾನಿನ ಕೆಳಗೆ ಕೂಡಿಸುವ ಬೆಣೆಯಂಥ ಕಬ್ಬಿಣದ ತುಂಡುಗಳು, ಮತ್ತೆ ನಾಲ್ಕು ಹೊಸ ಕೀಲು. ಈ ಕೀಲು ನಮ್ಮ ಭುಜದ ಹಾಗೆ, ಬಟ್ಟಲಲ್ಲಿ ಗುಂಡು ಕೂತು ತಿರುಗುತ್ತದೆ. ಅದರ ನಟ್ಟನ್ನು ಬಿಗಿದು, ನಟ್ಟು ಜಪ್ಪಯ್ಯ ಅಂದರೂ ಕಳಚದ ಹಾಗೆ ಅದರೊಳಗೆ ಒಂದು ಸೀಳುಪಿನ್ನು ತೂರಿಸಿ ಕಾಲು ಅಗಲಿಸುತ್ತಾರೆ. ಕಡ್ಡಿಯಷ್ಟು ತೆಳ್ಳನೆಯ ಪಿನ್ನು. ಗಾಡಿಯಲ್ಲಿ ಕೂತವರ ಜೀವ ಇರುವುದು ಅದರಲ್ಲಿ.

ಉಸ್ತಾದರ ಗ್ಯಾರೇಜಿನಲ್ಲಿ ಒಂದು ಪದ್ಧತಿ. ಪಿನ್ನು ಇನ್ನೂ ಹಾಕದ ಕೀಲಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ. ಎಲ್ಲ ಕೆಂಪು ಬಟ್ಟೆ ಬಿಚ್ಚಿ ಮುಗಿಯುವ ತನಕ ಗಾಡಿಗೆ ಕೀಲಿಕೈ ಇಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ಆ ದಿನ ಮೂರು ಕೀಲು ಮುಗಿದಿತ್ತು. ನಾಲ್ಕನೆಯದಕ್ಕೆ ನಟ್ಟು ಕೈಯಲ್ಲೇ ತಿರುವಿ, ಕೆಂಪು ಬಟ್ಟೆ ಕಟ್ಟಿ, ಒಂದು ಪಿನ್ನು ತಂದಿಡು ಅಂತ ನನಗೆ ಹೇಳಿ ಉಸ್ತಾದ್ ಮಧ್ಯಾಹ್ನದ ನಮಾಜಿಗೆ ಹೋದರು. ನಾನು ಅಂಗಡಿಯಿಂದ ಪಿನ್ನು ತಂದೆ. ಬರುತ್ತಾ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದೆ. ಕೈಯೆಲ್ಲ ಎಣ್ಣೆ. ಜೀಪಿನ ಕೆಳಗೆ ಒಂದು ಬಟ್ಟೆಯ ಚೂರು ನೇತಾಡುತ್ತಿತ್ತು, ಬಿಚ್ಚಿ ಕೈ ಒರೆಸಿಕೊಂಡೆ. ಅದು ಕೆಂಪಗಿತ್ತು ಅಂತ ಆಗ ನನ್ನ ಕಣ್ಣಿಗೆ ಬಿದ್ದೇ ಇಲ್ಲ.

ಅಷ್ಟರಲ್ಲಿ ಗೌಡರು ಬಂದರು. ಸುಮ್ಮನೆ ಕೂರಲು ಆಗದೆ ಜೀಪಿನ ಸುತ್ತ ತಿರುಗಲು ಹತ್ತಿದರು, ನನಗೇನಾದರೂ ಕೆಲಸ ಹೇಳು ಅಂತ. ನನ್ನ ಹುಟ್ಟುಗುಣ ಕೇಳಬೇಕಲ್ಲ. ಹೊಸ ಕೀಲು ಬಟ್ಟಲಲ್ಲಿ ಸರಿಯಾಗಿ ಕೂರಬೇಕಾದರೆ ಮಾಲೀಕನ ಕೈಯಿಂದ ನೂರೆಂಟು ಸಲ ಈ ತುದಿಯಿಂದ ಆ ತುದಿಗೆ ಸ್ಟೇರಿಂಗ್ ತಿರುಗಿಸಬೇಕು, ಎಂಜಿನ್ ಹಚ್ಚಬಾರದು, ಬೇರೆಯವರು ಮುಟ್ಟಬಾರದು ಅಂದೆ. ಟ್ರಾಕ್ಟರಿನಂಥ ಟೈರು, ನಿಂತ ಗಾಡಿ, ಬಳ್ಳಾರಿಯ ಬಿಸಿಲು. ಇಪ್ಪತ್ತಕ್ಕೆ ಬಿಟ್ಟು ಬೈಯುತ್ತಾರೆ ಅಂದುಕೊಂಡಿದ್ದೆ. ಆದರೆ ಗೌಡರು ಬಾನೆಟ್ಟಿಗೆ ಕೈ ಮುಗಿದು ಹತ್ತಿದರು.

ನಲವತ್ತಕ್ಕೆ ಅಂಗಿ ತೋಯ್ದಿತ್ತು. ಅರವತ್ತಕ್ಕೆ ಕಣ್ಣು ಮೇಲೆ ಹೋಗಿತ್ತು. ನಾನು ಕಟ್ಟೆಯ ಮೇಲೆ ಕೂತು ಎಣಿಸುತ್ತಿದ್ದೆ. ಎಪ್ಪತ್ತೊಂದನೆಯದಕ್ಕೆ ಗೇಟಿನ ಕಡೆಯಿಂದ ಉಸ್ತಾದ್ ಕೂಗಿದರು, ‘ನಿಲ್ಲಸ್ರಿ.’

ಅವರು ಗೇಟಿನ ಆಚೆ ಇದ್ದರು. ಒಳಗೆ ಕೂತ ನನಗೆ ಕೇಳದ್ದು ಅವರಿಗೆ ಅಲ್ಲಿಂದ ಕೇಳಿಸಿತ್ತು. ಒಂದು ಟಕ್. ಅಷ್ಟೇ. ಟೋಪಿ ಕೂಡ ತೆಗೆಯದೆ ಬಂದು ಕೆಳಗೆ ನುಗ್ಗಿದರು. ನಾಲ್ಕನೆಯ ಕೀಲಿನ ನಟ್ಟು ಎರಡು ಸುತ್ತು ಸಡಿಲಾಗಿತ್ತು. ಬಟ್ಟೆಯೂ ಇರಲಿಲ್ಲ, ಪಿನ್ನೂ ಇರಲಿಲ್ಲ. ಅವರು ಎದ್ದು ಬಂದಾಗ ಮುಖ ಬೆಳ್ಳಗಾಗಿತ್ತು. ಈ ಸದ್ದು ಬರದೇ ಇದ್ದಿದ್ದರೆ, ಬಟ್ಟೆ ಇಲ್ಲ ಅಂದರೆ ಪಿನ್ನು ಹಾಕಿ ಆಗಿದೆ ಅಂತ ರೂಢಿಯ ಮೇಲೆ ತಿಳಿದು ಸಂಜೆ ಗಾಡಿ ಬಿಟ್ಟು ಕಳಿಸುತ್ತಿದ್ದರು. ಕಾಲುವೆಯ ಏರಿಯ ಮೇಲೆ ಗೌಡರು, ಅಕ್ಕಾರು. ಇದು ಮಾತ್ರ ಪೂರ್ತಿ ನಿಜ.

ಪಿನ್ನು ಎಲ್ಲಿ ಅಂತ ಉಸ್ತಾದ್ ಕೇಳಿದರು. ಕಿಸೆ ತಡಕಿದೆ, ಕಟ್ಟೆಯ ಕೆಳಗೆ ನೋಡಿದೆ, ಅಂಗಡಿಗೆ ಓಡಿ ಬಂದೆ. ಎಲ್ಲೂ ಇಲ್ಲ. ಗೌಡರಿಗೆ ಎರಡೂ ತೋಳು ಎತ್ತಲು ಬರುತ್ತಿರಲಿಲ್ಲ, ಗದ್ದವನ್ನೇ ಮುಂದೆ ಮಾಡಿ ನನ್ನ ಕಡೆ ತೋರಿಸಿದರು.

‘ಅಲ್ಲೈತಲ್ರಿ, ಅವರ ಕಿವ್ಯಾಗ.’

ಎಣಿಸುತ್ತಾ ಕೂತಾಗ ಕಿವಿ ಕಡಿದಿತ್ತು. ಕೈಯಲ್ಲಿ ಪಿನ್ನಿತ್ತು. ಉಸ್ತಾದ್ ನನ್ನ ಕಿವಿಯಿಂದ ಪಿನ್ನು ತೆಗೆದು ನನ್ನ ಅಂಗಿಯ ಕಿಸೆಗೆ ಹಾಕಿ, ಸಾಯುವ ತನಕ ಅಲ್ಲೇ ಇರಲಿ ಅಂದರು. ತಾವೇ ಅಂಗಡಿಗೆ ಹೋಗಿ ಬೇರೆ ಪಿನ್ನು ತಂದು ತೂರಿಸಿದರು.

ಗೌಡರು ಎಲ್ಲ ಮುಗಿಯುವ ತನಕ ಸೀಟಿನಲ್ಲೇ ಕೂತಿದ್ದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: ‘ಇನ್ನ ಮೂವತ್ತೇಳು ಉಳದಾವ. ಮುಗಸ್ಲೇನ್ರಿ?’

ಅರ್ಧ ಅಕ್ಕಿಕಾಳು

ಕೊನೆಗೆ ಚಕ್ರ ನೆಟ್ಟಗೆ ಮಾಡುವ ಕೆಲಸ. ಮುಂದಿನ ಎರಡು ಚಕ್ರ ಪೂರ್ತಿ ನೆಟ್ಟಗಿರಬಾರದಂತೆ. ಹಿಂದಿನ ಅಂಚಿಗಿಂತ ಮುಂದಿನ ಅಂಚಿನಲ್ಲಿ ಒಂದಕ್ಕೊಂದು ಕೂದಲೆಳೆ ಹತ್ತಿರ ಇರಬೇಕಂತೆ, ಆಗಲೇ ಓಡುವಾಗ ನೆಟ್ಟಗಾಗುವುದಂತೆ. ಉಸ್ತಾದ್ ಟೈರಿನ ಮೇಲೆ ಸುಣ್ಣದ ಗೆರೆ ಎಳೆದು, ಒಂದು ಬಿದಿರುಗೋಲು ತೆಗೆದುಕೊಂಡು ಹಿಂದೆ ಅಳೆದು, ಮುಂದೆ ಅಳೆದು, ರಾಡನ್ನು ಒಂದು ನೂಲಿನಷ್ಟು ತಿರುವಿ ಮತ್ತೆ ಅಳೆದರು.

‘ಮುಂದ ಅರ್ಧ ಅಕ್ಕಿಕಾಳಷ್ಟು ಕಮ್ಮಿ ಇರಬೇಕು’ ಅಂದರು.

ಭತ್ತ ಬೆಳೆಯುವವರ ಮುಂದೆ ಹೀಗೆ ಹೇಳಬಾರದು. ಗೌಡರು ಕೂಡಲೇ, ಯಾವ ಅಕ್ಕಿ ಅಂತ ಕೇಳಿದರು. ದಪ್ಪಕ್ಕಿ ಬೇರೆ, ಸಣ್ಣಕ್ಕಿ ಬೇರೆ. ಉದ್ದಕ್ಕೆ ಅರ್ಧವೋ ದಪ್ಪಕ್ಕೆ ಅರ್ಧವೋ? ಉಸ್ತಾದ್ ಮೂವತ್ತು ವರ್ಷದಿಂದ ಈ ಮಾತು ಹೇಳುತ್ತಿದ್ದಾರೆ, ಯಾರೂ ಇದನ್ನು ಕೇಳಿರಲಿಲ್ಲ. ಅವರು ಯೋಚನೆಗೆ ಬಿದ್ದರು. ಗೌಡರು ಕಿಸೆಯಿಂದ ಸ್ಯಾಂಪಲ್ ಪೊಟ್ಟಣ ತೆಗೆದು, ಅಂಗೈ ಮೇಲೆ ಸೋನಾ ಮಸೂರಿ ಸುರಿದು, ಮುರಿಯದ ಒಂದು ಕಾಳು ಆರಿಸಿ ಕೊಟ್ಟರು. ಉಸ್ತಾದ್ ಅದನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿ, ಒಂದು ತುಂಡನ್ನು ಬಿದಿರುಗೋಲಿನ ತುದಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ರಾಡು ತಿರುವಿದರು.

ಆದರೂ ಗೌಡರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಊರಿನಲ್ಲಿ ಕಂಪ್ಯೂಟರಿನಿಂದ ಚಕ್ರ ಅಳೆಯುವ ಅಂಗಡಿ ಬಂದಿದೆಯಲ್ಲ, ಅಲ್ಲೊಮ್ಮೆ ತೋರಿಸಿದರೆ ಹೇಗೆ ಅಂತ ಹೇಳಲಾರದೆ ಹೇಳಿದರು. ಉಸ್ತಾದ್ ನಕ್ಕು, ಹೋಗಿ ಬನ್ನಿ ಅಂದರು. ನಾನೂ ಜೊತೆಗೆ ಹೋದೆ. ನಾಲ್ಕೂ ಚಕ್ರಕ್ಕೆ ಕನ್ನಡಿಯಂಥದ್ದು ಕಟ್ಟಿದರು, ಪರದೆಯ ಮೇಲೆ ಚಿತ್ರ ಬಂತು, ಮುಂದಿನ ಎರಡೂ ಚಕ್ರಕ್ಕೆ ಹಸಿರು ಬಣ್ಣ. ಅಂಗಡಿಯವನು ನಂಬದೆ ಬಂದ್ ಮಾಡಿ ಮತ್ತೆ ಹಚ್ಚಿದ. ಮತ್ತೆ ಹಸಿರು. ಮೂರನೆಯ ಸಲ ಯಂತ್ರವೇ ಕೆಟ್ಟಿದೆ ಅಂತ ತನ್ನ ಸ್ವಂತ ಕಾರು ಏರಿಸಿ ನೋಡಿದ. ಅದಕ್ಕೆ ಕೆಂಪು ಬಂತು.

ನಾನು ಪರದೆಯನ್ನೇ ನೋಡುತ್ತಾ ನಿಂತುಬಿಟ್ಟೆ. ಉಸ್ತಾದ್ ಪಕ್ಕದಲ್ಲಿ ಇಪ್ಪತ್ತು ವರ್ಷ ಚಾ ಕುಡಿದಿದ್ದೇನೆ, ಎಂಥವರ ಪಕ್ಕ ಕೂತಿದ್ದೇನೆ ಅಂತ ಆ ಹಸಿರು ಬಣ್ಣ ನೋಡುವ ತನಕ ಗೊತ್ತಿರಲಿಲ್ಲ.

ಯಾವ ಮಷೀನಿನಲ್ಲಿ ಮಾಡಿಸಿದಿರಿ ಅಂತ ಅಂಗಡಿಯವನು ಕೇಳಿದ. ಗೌಡರು ಎದೆ ಸೆಟೆಸಿ ಹೇಳಿದರು: ‘ಸೋನಾ ಮಸೂರಿ.’

ಕುರುಗೋಡಿನ ಎಡ ಬಲ

ತೊಟ್ಟಿಲಿನ ದಿನ ಬಂತು. ಮುಂದೆ ಗೌಡರು, ಪಕ್ಕದಲ್ಲಿ ಅಕ್ಕಾರು, ಅವರ ತೊಡೆಯ ಮೇಲೆ ಅದೇ ಮೊಸರಿನ ಕ್ಯಾನು. ಏನಾದರೂ ಆದರೆ ಇರಲಿ ಅಂತ ಉಸ್ತಾದರನ್ನು ಹಿಂದೆ ಕೂರಿಸಿಕೊಂಡಿದ್ದರು. ಏನಾದರೂ ಆದರೆ ನೋಡಬೇಕಲ್ಲ ಅಂತ ನಾನು ಕೂತಿದ್ದೆ.

ಕಾಲುವೆಯ ಸಿಡಿ ದೂರದಲ್ಲಿ ಕಾಣಿಸಿತು. ಬೆಣ್ಣೆ ಬಂದದ್ದು ಅಲ್ಲೇ. ಗೌಡರು ವೇಗ ತಗ್ಗಿಸಲು ನೋಡಿದರು. ಅಕ್ಕಾರು ಮುಂದೆ ನೋಡುತ್ತಲೇ, ಅವತ್ತು ಎಷ್ಟು ಜೋರಿತ್ತೋ ಇವತ್ತೂ ಅಷ್ಟೇ ಇರಲಿ ಅಂದರು. ಗೌಡರು ಬಿಟ್ಟರು. ನಾನು ಕಣ್ಣು ಮುಚ್ಚಿದೆ. ದಢ್ ಅಂತ ಹತ್ತಿತು, ದಢ್ ಅಂತ ಇಳಿಯಿತು.

ಆಮೇಲೆ ಏನೂ ಇಲ್ಲ. ಏನೂ ಇಲ್ಲ ಅನ್ನುವುದು ಎಷ್ಟು ದೊಡ್ಡದು ಅಂತ ನನಗೆ ಅವತ್ತು ತಿಳಿಯಿತು. ಕಣ್ಣು ಬಿಟ್ಟು ನೋಡಿದರೆ ಎರಡೂ ಕಡೆ ಹಸಿರು ಗದ್ದೆ, ನಡುವೆ ರಸ್ತೆ, ರಸ್ತೆಯ ನಡುವೆ ಜೀಪು ಹಾಲಿನ ಮೇಲೆ ಕೆನೆ ಸರಿದ ಹಾಗೆ ಹೋಗುತ್ತಿತ್ತು. ಗೌಡರು ಸ್ಟೇರಿಂಗಿನ ಮೇಲೆ ಬರೀ ಎರಡು ಬೆರಳು ಇಟ್ಟಿದ್ದರು. ಅವರ ಕೆನ್ನೆ ತೋಯ್ದಿತ್ತು. ಕೇಳಿದರೆ ಭತ್ತದ ದೂಳು ಅಂತಾರೆ. ಉಸ್ತಾದ್ ಮಾತ್ರ ನನ್ನ ಪಕ್ಕದಲ್ಲಿ ಕೂತು, ಕಬ್ಬಿಣದ ನೆಲದ ಮೇಲೆ ಅಂಗೈ ಇಟ್ಟುಕೊಂಡು, ಮಲಗಿದ ಮಗುವಿನ ಬೆನ್ನ ಮೇಲೆ ಕೈ ಇಟ್ಟವರ ಹಾಗೆ, ಕಣ್ಣು ಮುಚ್ಚಿದ್ದರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಉಸ್ತಾದ್ ಒಂದು ಮಾತು ಹೇಳಿದ್ದರಲ್ಲ, ಗೌಡರ ಕೈ ಬಗ್ಗೆ.

ಕುರುಗೋಡಿನ ಗುಡ್ಡ ಕಂಡಿತು, ಓಣಿ ಬಂತು, ತವರುಮನೆಯ ಮುಂದಿನ ಉಬ್ಬು ಬಂತು. ಎಡಕ್ಕೆ ಮನೆ, ಬಾಗಿಲಲ್ಲಿ ಮಾವಿನೆಲೆಯ ತೋರಣ, ಕಟ್ಟೆಯ ಮೇಲೆ ನೆಂಟರೆಲ್ಲ ಎದ್ದು ನಿಂತಿದ್ದಾರೆ. ಆರು ತಿಂಗಳು ಈ ಉಬ್ಬಿನ ಮೇಲೆ ಜೀಪು ಎಡಕ್ಕೆ ಹಾರಿತ್ತು, ಆರು ತಿಂಗಳು ಗೌಡರು ಮೊದಲೇ ಬಲಕ್ಕೆ ಎಳೆದು ಹಿಡಿದಿದ್ದರು. ಇವತ್ತೂ ಕೈ ತನ್ನಷ್ಟಕ್ಕೆ ಬಲಕ್ಕೆ ಎಳೆಯಿತು. ಜೀಪು ಮಾತ್ರ ಈಗ ಹಳೇ ಜೀಪಲ್ಲ. ಹೇಳಿದ ಮಾತು ಕೇಳುವ ಜೀಪು.

ಕೇಳಿತು. ಬಲಕ್ಕೆ ತಿರುಗಿತು. ನೆಂಟರ ಕಣ್ಣೆದುರಿಗೇ, ಕೂದಲೆಳೆ ಆಚೀಚೆ ಆಗದೆ, ಗುಜರಿಯ ತೆರೆದ ಗೇಟಿನೊಳಗೆ ಹೋಗಿ, ಎರಡು ಕಬ್ಬಿಣದ ಗುಡ್ಡೆಗಳ ನಡುವೆ ಸರಿದು, ನಡುಮಧ್ಯೆ ಆ ವೇಬ್ರಿಡ್ಜಿನ ಮೇಲೆ ಬಂದು ನಿಂತಿತು. ಆಣೆ ಮಾಡಿ ಹೇಳುತ್ತೇನೆ, ಅಳೆದು ನಿಲ್ಲಿಸಿದರೂ ಅಷ್ಟು ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಗುಜರಿಯವನು ಎಂಟು ದಿನದಿಂದ ಕಾಯುತ್ತಿದ್ದವನು. ಬಂದವನೇ ಚಕ್ರಕ್ಕೆ ಕಲ್ಲು ಇಟ್ಟು, ಒಳಗೆ ಹೋಗಿ ತೂಕ ನೋಡಲು ಶುರು ಮಾಡಿದ. ಗೌಡರು ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದರು. ಅವರು ಜೀಪು ಉಳಿಸಿಕೊಳ್ಳಲು ಎಪ್ಪತ್ತೊಂದು ಸುತ್ತು ತಿರುಗಿಸಿದವರು, ಆಮೇಲೆ ನಾನು ಬೇಡ ಅಂದರೂ ಉಳಿದ ಮೂವತ್ತೇಳನ್ನೂ ಮುಗಿಸಿದವರು. ಈಗ ತಾವೇ ತಂದು ತಕ್ಕಡಿಯ ಮೇಲೆ ನಿಲ್ಲಿಸಿದ್ದರು.

ಅಕ್ಕಾರು ಯಾರ ಮುಖವನ್ನೂ ನೋಡಲಿಲ್ಲ. ಕ್ಯಾನಿನ ಮುಚ್ಚಳ ನಿಧಾನವಾಗಿ ತೆಗೆದರು. ನಾವು ಹಿಂದಿನಿಂದ ಬಗ್ಗಿ ನೋಡಿದೆವು. ಮೊಸರು ಹೆಪ್ಪು ಹಾಕಿದ ಹಾಗೇ ಇತ್ತು. ಒಂದು ಬಿರುಕಿಲ್ಲ, ಅಂಚಿನಲ್ಲಿ ಒಂದು ಹನಿ ನೀರಿಲ್ಲ. ಹುಣ್ಣಿಮೆಯ ಚಂದ್ರನನ್ನು ಕ್ಯಾನಿನಲ್ಲಿ ಹಾಕಿ ತಂದ ಹಾಗೆ. ಅಕ್ಕಾರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಹಿಂದೆ ತಿರುಗಿ ಉಸ್ತಾದರಿಗೆ ಕೈ ಮುಗಿದರು. ಉಸ್ತಾದ್ ತಲೆ ತಗ್ಗಿಸಿದರು.

ಮುಚ್ಚಳ ಹಾಕಿ ಕ್ಯಾನನ್ನು ನನ್ನ ಕೈಗೆ ಕೊಟ್ಟು ಅಕ್ಕಾರು ಗಂಡನ ಕಡೆ ತಿರುಗಿದರು.

‘ಜೀಪು ನೆಟ್ಟಗಾಗೈತಿ. ಕೆಟ್ಟಿರೋದು ಈಗ ಒಂದೇ. ಇಳೀರಿ.’

ಗೌಡರು ಇಳಿದರು. ಚಕ್ರದ ಕಲ್ಲು ಸರಿಸಿದರು. ಅಕ್ಕಾರು ಸೆರಗು ಸೊಂಟಕ್ಕೆ ಸಿಗಿಸಿ, ಅತ್ತ ಸರಿದು ಕೂತು, ಸ್ಟೇರಿಂಗ್ ಹಿಡಿದರು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತೂಗಿದರು. ನನ್ನ ಪಕ್ಕದಲ್ಲಿ ಉಸ್ತಾದರ ಅಂಗೈ ನೆಲದ ಮೇಲೇ ಇತ್ತು. ಅವರು ಮೆಲ್ಲಗೆ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು, ಈ ಕೈ ನೆಟ್ಟಗೈತಿ.

ಅಷ್ಟರಲ್ಲಿ ಗುಜರಿಯವನು ಹೊರಗೆ ಬಂದ. ನೋಡಿದರೆ ಎಂಜಿನ್ ಹಚ್ಚಿದೆ, ಅಕ್ಕಾರು ರಿವರ್ಸ್ ಹಾಕಿದ್ದಾರೆ, ಕೊಡುವ ಹಾಗೆ ಕಾಣುವುದಿಲ್ಲ. ಅವನಿಗೆ ಎಂಟು ದಿನದ ಆಸೆ. ಜೀಪು ಹೋದರೆ ತಕ್ಕಡಿಯ ಮೇಲೆ ಉಳಿಯುವವರು ಗೌಡರೊಬ್ಬರೇ. ಅವನು ಗೌಡರನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಕೇಳಿದ: ‘ಮತ್ತ ಇವರನ್ನ ಬಿಟ್ಟು ಹೊಂಟೀರೇನಮ್ಮಾ?’

ಅಕ್ಕಾರು ಕನ್ನಡಿಯಲ್ಲಿ ಹಿಂದಿನ ದಾರಿ ನೋಡುತ್ತಾ ಹೇಳಿದರು: ‘ತೂಕ ಎಷ್ಟು ಬರತೈತಿ ಹೇಳು. ವಿಚಾರ ಮಾಡ್ತೀನಿ.’

ಗೌಡರು ನಡೆದುಕೊಂಡೇ ರಸ್ತೆ ದಾಟಿ ತೊಟ್ಟಿಲಿಗೆ ಬಂದರು. ಈಗ ಕುರುಗೋಡಿಗೆ ಹೋಗುವುದಿದ್ದರೆ ಜೀಪು ಹೊಡೆಯುವವರು ಅಕ್ಕಾರೇ. ಗೌಡರ ಪಾಲಿಗೆ ಬಂದ ಕೆಲಸ, ಸ್ಟೂಲು ಸೇದಿಕೊಳ್ಳುವುದು.

ಇದಿಷ್ಟೂ ನಿಜ. ನಂಬಿಕೆ ಇಲ್ಲದಿದ್ದರೆ ನೋಡಿ, ನನ್ನ ಕಿಸೆ ತಿರುವಿ ತೋರಿಸುತ್ತೇನೆ. ಅವತ್ತು ಉಸ್ತಾದ್ ಹಾಕಿದ ಸೀಳುಪಿನ್ನು ಇನ್ನೂ ಇಲ್ಲೇ ಇದೆ. ಪಿನ್ನು ಬಿಟ್ಟರೆ ಕಿಸೆಯಲ್ಲಿ ಬೇರೇನೂ ಇಲ್ಲ, ಅದನ್ನೂ ನೋಡಿದಿರಿ. ಬಂಡಿಯವನು ಆಗಿನಿಂದ ಈ ಕಡೆಯೇ ನೋಡುತ್ತಿದ್ದಾನೆ. ನನ್ನ ಚಾದ್ದೂ ನೀವೇ ಕೊಟ್ಟುಬಿಡ್ರಿ.